ಟ್ರಾನ್ಸ್‌ಪ್ಲಾಂಟ್‌ಗೆ ಎಲ್ಲಾ ರೆಡಿ ಆಗಿತ್ತು, ಈಗ ಅಪ್ಪನಿಗೆ ಹೆಪಟೈಟಿಸ್ ಸಿ ಪಾಸಿಟಿವ್. ಮೊದಲು ಯಾವುದು?

ತುಮಕೂರು ಹುಡುಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಅಪ್ಪನಿಗೆ 54. ಶುಗರ್‌ನಿಂದ ಕಿಡ್ನಿ ಹೋಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಮ್ಮನೇ ಕಿಡ್ನಿ ಕೊಡುತ್ತಾರೆ. ಇಬ್ಬರಿಗೂ ಹೊಂದುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಸರಿಯಾಗಿದೆ, ಪೇಪರ್ ಕೆಲಸವೂ ಮುಗಿಯುತ್ತಾ ಬಂದಿತ್ತು. ಕೊನೆಯ ರಕ್ತ ಪರೀಕ್ಷೆಯಲ್ಲಿ ಆಂಟಿ ಎಚ್‌ಸಿವಿ ಪಾಸಿಟಿವ್ ಅಂತ ಬಂತು. ಡಯಾಲಿಸಿಸ್ ಶುರು ಮಾಡುವಾಗ ನೆಗೆಟಿವ್ ಇತ್ತು, ಆ ರಿಪೋರ್ಟ್ ನನ್ನ ಹತ್ತಿರ ಇದೆ.

ಡಾಕ್ಟರ್ ಮೂರು ತಿಂಗಳು ಮಾತ್ರೆ ತೆಗೆದುಕೊಳ್ಳಲಿ, ಆಮೇಲೆ ನೋಡೋಣ ಅಂದರು. ಚಿಕ್ಕಪ್ಪ ಒಪ್ಪುತ್ತಿಲ್ಲ. "ಲಿವರ್ ಟೆಸ್ಟ್ ನಾರ್ಮಲ್ ಇದೆ, ಸುಮ್ನೆ ತಡ ಮಾಡ್ತಿದಾರೆ, ಬೇರೆ ಆಸ್ಪತ್ರೆಗೆ ಹೋಗೋಣ" ಅಂತ ಪಟ್ಟು ಹಿಡಿದಿದ್ದಾರೆ. ಅಪ್ಪನನ್ನು ಸೆಂಟರ್‌ನವರು ಮೂಲೆಯ ಮೆಷಿನ್‌ಗೆ ಹಾಕಿದ್ದಾರೆ. ಅವರು ಮಾತೇ ಬಿಟ್ಟಿದ್ದಾರೆ. ಈ ದಾರಿ ದಾಟಿದವರು ಇದ್ದರೆ ದಯವಿಟ್ಟು ಹೇಳಿ.

ಸೆಕೆಂಡ್ ಇನಿಂಗ್ಸ್

ನಾನೇ ದಾಟಿದವನು. ಡಯಾಲಿಸಿಸ್‌ನಲ್ಲಿದ್ದಾಗ ಹೆಪಟೈಟಿಸ್ ಸಿ ಬಂತು, ಮಾತ್ರೆಯಲ್ಲಿ ಹೋಯಿತು, ಆಮೇಲೆ ತಂಗಿಯ ಕಿಡ್ನಿ ಹಾಕಿಸಿಕೊಂಡೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ಕ್ರಿಯೇಟಿನಿನ್ 1.2 ಇದೆ. ಅಪ್ಪನಿಗೆ ಇದನ್ನೇ ಮೊದಲು ಓದಿ ಹೇಳಿ.

ಈಗ ಬಂದಿರುವುದು ಆಂಟಿಬಾಡಿ ರಿಪೋರ್ಟ್. ವೈರಸ್ ಯಾವಾಗಲೋ ಮೈಗೆ ಬಂದಿತ್ತು ಅಂತಷ್ಟೇ ಅದು ಹೇಳುತ್ತದೆ. ಈಗಲೂ ಇದೆಯಾ ಅಂತ ತಿಳಿಯಲು ಎಚ್‌ಸಿವಿ ಆರ್‌ಎನ್‌ಎ ಮಾಡಿಸಬೇಕು. ವೈರಲ್ ಲೋಡ್ ಅಂತಾರಲ್ಲ, ಅದು. ಕೆಲವರಿಗೆ ವೈರಸ್ ತಾನಾಗಿಯೇ ಹೋಗಿರುತ್ತದೆ. ಆರ್‌ಎನ್‌ಎ ನೆಗೆಟಿವ್ ಬಂದರೆ ಮಾತ್ರೆಯ ಮಾತೇ ಇಲ್ಲ.

ಲಿವರ್ ಟೆಸ್ಟ್ ನಾರ್ಮಲ್ ಅನ್ನುವುದನ್ನು ನಂಬಬೇಡಿ. ಆ ಟೆಸ್ಟ್‌ನಲ್ಲಿ ಬರುವ ಎಸ್‌ಜಿಪಿಟಿ ಅಂಕಿ ಡಯಾಲಿಸಿಸ್‌ನವರಿಗೆ ಹೇಗೂ ಕಮ್ಮಿಯೇ ಇರುತ್ತದೆ. ನನಗೆ ವೈರಲ್ ಲೋಡ್ ಲಕ್ಷಗಟ್ಟಲೆ ಇದ್ದಾಗಲೂ ಎಸ್‌ಜಿಪಿಟಿ 30ರ ಒಳಗೇ ಇತ್ತು.

ನೆಫ್ರೋ ಪಿಜಿ

ನೆಫ್ರಾಲಜಿ, ಅಂದರೆ ಕಿಡ್ನಿ ವೈದ್ಯ ವಿಭಾಗ, ಓದುತ್ತಿದ್ದೇನೆ. ಇಲ್ಲಿ ಬರೆದದ್ದನ್ನು ಪ್ರಿಸ್ಕ್ರಿಪ್ಷನ್ ಅಂತ ತಿಳಿಯಬೇಡಿ, ನಿಮ್ಮ ಡಾಕ್ಟರ್ ಹತ್ತಿರ ಕೇಳಲು ಪ್ರಶ್ನೆ ಸಿಕ್ಕರೆ ಸಾಕು.

ಚಿಕ್ಕಪ್ಪನವರ ಮಾತು ಪೂರ್ತಿ ತಪ್ಪಲ್ಲ. ಟ್ರಾನ್ಸ್‌ಪ್ಲಾಂಟ್ ಮೊದಲು, ಮಾತ್ರೆ ಆಮೇಲೆ ಅನ್ನುವ ದಾರಿಯೂ ಇದೆ. ಆದರೆ ಅದು ನಿಮ್ಮ ಮನೆಗಲ್ಲ.

ಯಾಕೆ ಅಂದರೆ, ನಿಮ್ಮಲ್ಲಿ ಕಿಡ್ನಿ ಕೊಡುವವರು ಮನೆಯಲ್ಲೇ ಇದ್ದಾರೆ. ಮೂರು ತಿಂಗಳು ಕಾದರೆ ಅಮ್ಮ ಎಲ್ಲೂ ಹೋಗುವುದಿಲ್ಲ. ಅಪ್ಪನಿಗೆ ಡಯಾಲಿಸಿಸ್ ಸರಿಯಾಗಿ ನಡೆಯುತ್ತಿದ್ದರೆ ಆ ಸಮಯದಲ್ಲಿ ವೈರಸ್ ತೆಗೆದು ಹಾಕಬಹುದು. ಮೊದಲೇ ಕಿಡ್ನಿ ಹಾಕಿದರೆ ಏನಾಗುತ್ತದೆ? ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸುವುದನ್ನು, ಅಂದರೆ ರಿಜೆಕ್ಷನ್ ಅನ್ನು, ತಡೆಯಲು ಟ್ಯಾಕ್ರೋಲಿಮಸ್, ಮೈಕೋಫೆನೋಲೇಟ್, ಸ್ಟೀರಾಯ್ಡ್ ಕೊಡುತ್ತೇವೆ. ಮೈಯ ಕಾವಲು ಇಳಿಯುತ್ತದೆ, ವೈರಸ್ ಏರುತ್ತದೆ. ಲಿವರ್ ಹಾಳಾಗುವ ವೇಗ ಜಾಸ್ತಿಯಾಗುತ್ತದೆ. ಹೊಸ ಕಿಡ್ನಿಯ ಸೋಸುವ ಗೊಂಚಲುಗಳಿಗೂ ಈ ವೈರಸ್ ಪೆಟ್ಟು ಕೊಡಬಲ್ಲದು.

ಹೆಸರು ಬರೆಸಿ ವರ್ಷಗಟ್ಟಲೆ ಮೃತ ದಾನಿಯ ಕಿಡ್ನಿಗೆ ಕಾಯುವವರ ಲೆಕ್ಕ ಬೇರೆ. ನಮ್ಮಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿ ಇದೆಯಲ್ಲ, ಅಲ್ಲಿರುವವರು. ವೈರಸ್ ಇರುವ ದಾನಿಯ ಕಿಡ್ನಿಯನ್ನು ಅದೇ ವೈರಸ್ ಇರುವ ರೋಗಿಗೆ ಕೊಡುವ ಪದ್ಧತಿ ಇರುವ ಕಡೆ, ಮೊದಲೇ ವಾಸಿ ಮಾಡಿದರೆ ಆ ಅವಕಾಶ ತಪ್ಪಬಹುದು. ಅಂಥ ಕಡೆ ಬೇಕೆಂತಲೇ ಚಿಕಿತ್ಸೆ ಮುಂದಕ್ಕೆ ಹಾಕುತ್ತಾರೆ.

ಮಾತ್ರೆ ಶುರು ಮಾಡುವ ಮೊದಲು ಇನ್ನೆರಡು ಕೆಲಸ ಇದೆ. ಒಂದು, ಫೈಬ್ರೋಸ್ಕ್ಯಾನ್. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ತಿಳಿಯಬೇಕು. ಸಿರೋಸಿಸ್ ಮುಂದುವರಿದು ಲಿವರ್ ರಕ್ತನಾಳದ ಒತ್ತಡ ಏರಿದ್ದರೆ ಬರೀ ಕಿಡ್ನಿ ಹಾಕುವ ಬದಲು ಲಿವರ್ ಕಿಡ್ನಿ ಎರಡನ್ನೂ ಹಾಕುವ ಬಗ್ಗೆ ಯೋಚಿಸಬೇಕಾಗುತ್ತದೆ. ಎರಡು, ಹೆಪಟೈಟಿಸ್ ಬಿ ಪರೀಕ್ಷೆ. ಸಿ ವೈರಸ್ ಇಳಿದಾಗ ಅಡಗಿದ್ದ ಬಿ ವೈರಸ್ ತಲೆ ಎತ್ತಬಹುದು. ಅಮೆರಿಕದ ಎಫ್‌ಡಿಎ 2016ರಲ್ಲೇ ಈ ಮಾತ್ರೆಗಳ ಮೇಲೆ ಆ ಎಚ್ಚರಿಕೆ ಹಾಕಿಸಿತು.

ಗಂಡುಮೆಟ್ಟಿದ ನಾಡು

ಎಲ್ಲರೂ ಮಾತ್ರೆ ಮಾತ್ರೆ ಅಂತಿದ್ದೀರಿ. ನೆಗೆಟಿವ್ ಇದ್ದವರು ಪಾಸಿಟಿವ್ ಹೇಗಾದರು ಅಂತ ಯಾರೂ ಕೇಳುತ್ತಿಲ್ಲವಲ್ಲ? ತಮ್ಮಾ, ಮೊದಲು ಆ ಸೆಂಟರ್ ಮೇಲೆ ಕೇಸ್ ಹಾಕು. ನಮ್ಮ ಮಾವನಿಗೂ ಹೀಗೇ ಆಯಿತು. ಒಂದೇ ಶಿಫ್ಟಿನಲ್ಲಿ ಮೂರು ಜನಕ್ಕೆ ಬಂತು. ಕೇಳಿದರೆ "ಹೊರಗೆ ಎಲ್ಲೋ ರಕ್ತ ಹಾಕಿಸಿಕೊಂಡಿರಬೇಕು" ಅಂದರು. ಮಾವ ಬಾಟಲಿ ರಕ್ತ ಹಾಕಿಸಿಕೊಂಡೇ ಇರಲಿಲ್ಲ.

ಕರಾವಳಿ ಟೆಕ್ನಿಷಿಯನ್

ಅಣ್ಣಾ, ಕೋಪ ನ್ಯಾಯವೇ. ನಾನು ಡಯಾಲಿಸಿಸ್ ಟೆಕ್ನಿಷಿಯನ್. ಒಳಗೆ ನಿಂತು ನೋಡಿದ್ದನ್ನು ಹೇಳುತ್ತೇನೆ.

ಜನ ಮೆಷಿನ್‌ಗೆ ಬೈಯುತ್ತಾರೆ. ಜಾಸ್ತಿ ಸಲ ತಪ್ಪು ಕೈಯದ್ದು. ಬೆಳಗಿನ ಶಿಫ್ಟ್ ಮುಗಿದು ಮಧ್ಯಾಹ್ನದ್ದು ಶುರುವಾಗುವ ಆ ಅರ್ಧ ಗಂಟೆ ಇದೆಯಲ್ಲ, ಅದೇ ಕಂಟಕ. ಒಬ್ಬರ ಸೂಜಿ ತೆಗೆದು ಒತ್ತಿ ಹಿಡಿದಿರುತ್ತೇವೆ. ಆಚೆ ಬೆಡ್‌ನಲ್ಲಿ ಅಲಾರಂ ಹೊಡೆಯುತ್ತದೆ. ಅದೇ ಗ್ಲೌಸ್‌ನಲ್ಲಿ ಹೋಗಿ ಬಟನ್ ಒತ್ತಿದರೆ ಮುಗಿಯಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನ ಒಂದೇ ಬಾಟಲಿಯಿಂದ ನಾಲ್ಕು ಜನಕ್ಕೆ ಎಳೆಯುವುದು, ಆ ಬಾಟಲಿಯನ್ನು ಟ್ರೇಯಲ್ಲಿಟ್ಟು ಬೆಡ್‌ನಿಂದ ಬೆಡ್‌ಗೆ ಒಯ್ಯುವುದು, ಇದು ಇನ್ನೊಂದು. ಔಷಧಿ ಎಳೆಯುವ ಜಾಗ ರೋಗಿಗಳಿಂದ ದೂರ ಬೇರೆಯೇ ಇರಬೇಕು.

ಇನ್ನೊಂದು ಸಣ್ಣ ವಸ್ತು ಹೇಳುತ್ತೇನೆ, ಮುಂದಿನ ಸಲ ನೋಡಿ. ರಕ್ತದ ಟ್ಯೂಬಿನಿಂದ ಒಂದು ತೆಳ್ಳನೆ ಪೈಪ್ ಮೆಷಿನ್‌ಗೆ ಹೋಗುತ್ತದೆ. ಅದರ ತುದಿಯಲ್ಲಿ ಕಾಸಿನಗಲದ ದುಂಡಗಿನ ಬಿಳಿ ಫಿಲ್ಟರ್ ಇರುತ್ತದೆ. ಟ್ರಾನ್ಸ್‌ಡ್ಯೂಸರ್ ಪ್ರೊಟೆಕ್ಟರ್ ಅಂತ ಕರೆಯುತ್ತೇವೆ. ಒತ್ತಡ ಏರಿ ರಕ್ತ ಅಲ್ಲಿಯವರೆಗೆ ಬಂದು ಫಿಲ್ಟರ್ ಒದ್ದೆಯಾದರೆ ಅದನ್ನು ಅಲ್ಲೇ ಬದಲಿಸಬೇಕು. ರಕ್ತ ಅದನ್ನೂ ದಾಟಿ ಮೆಷಿನ್ ಒಳಗೆ ಹೋಗಿದೆಯಾ ಅಂತ ನೋಡಬೇಕು. ಕೆಂಪಾದ ಫಿಲ್ಟರ್ ಕಂಡರೆ ಸಂಕೋಚ ಬಿಟ್ಟು ಹೇಳಿ. ಒಳ್ಳೆಯ ಟೆಕ್ನಿಷಿಯನ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಪಟೈಟಿಸ್ ಬಿ ಇನ್ನೂ ಗಟ್ಟಿ ಜೀವ. ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕಿರುತ್ತದೆ. ಕಣ್ಣಿಗೆ ಕಲೆ ಕಾಣದಿದ್ದರೂ ಹರಡುತ್ತದೆ. ಅದಕ್ಕೇ ಬಿ ಇರುವವರಿಗೆ ಮೆಷಿನ್, ಜಾಗ ಎರಡೂ ಬೇರೆ. ಸಿ ಇರುವವರಿಗೆ ಬೇರೆ ಮೆಷಿನ್ ಕಡ್ಡಾಯ ಅಂತ ಅಂತರರಾಷ್ಟ್ರೀಯ ನಿಯಮ ಹೇಳುವುದಿಲ್ಲ, ಶುಚಿತ್ವ ಸರಿಯಿರಬೇಕು ಅನ್ನುತ್ತದೆ. ನಮ್ಮಲ್ಲಿ ಒಬ್ಬೊಬ್ಬ ಟೆಕ್ನಿಷಿಯನ್ ಮೇಲೆ ಬೀಳುವ ಬೆಡ್‌ಗಳ ಸಂಖ್ಯೆ ನೋಡಿದರೆ ಬೇರೆ ಇಡುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಅಪ್ಪನನ್ನು ಮೂಲೆಗೆ ಹಾಕಿದ್ದು ಅವಮಾನ ಮಾಡಲಿಕ್ಕೆ ಅಲ್ಲ. ಆದರೆ ಅದನ್ನು ಕೂತು ಬಿಡಿಸಿ ಹೇಳಬೇಕಿತ್ತು.

ಗಂಡುಮೆಟ್ಟಿದ ನಾಡು

ಹೇಳಬೇಕಿತ್ತು, ಮಾಡಬೇಕಿತ್ತು. ರೋಗಿ ಫಿಲ್ಟರ್ ಕಾಯಬೇಕೇನ್ರೀ ಹಂಗಾದ್ರೆ?

ಕರಾವಳಿ ಟೆಕ್ನಿಷಿಯನ್

ಕಾಯಬಾರದು. ಆದರೆ ಲಿಖಿತ ದೂರು ಕೊಡಿ, ಅದು ಮುಖ್ಯ. "ಇವರು ಈ ತಿಂಗಳು ನೆಗೆಟಿವ್, ಈ ತಿಂಗಳು ಪಾಸಿಟಿವ್, ಅದೇ ಶಿಫ್ಟಿನ ಉಳಿದವರಿಗೂ ಆರ್‌ಎನ್‌ಎ ಮಾಡಿಸಿ" ಅಂತ ಬರೆಯಿರಿ. ಪಕ್ಕದ ಬೆಡ್‌ನವರಿಗೆ ಗೊತ್ತೇ ಇಲ್ಲದೆ ಇರಬಹುದು. ಬರೀ ಆಂಟಿಬಾಡಿ ಮಾಡಿದರೆ ಹೊಸದಾಗಿ ಬಂದವರು ತಪ್ಪಿಹೋಗುತ್ತಾರೆ.

ನೆಫ್ರೋ ಪಿಜಿ

ಇದು ಸರಿಯಾದ ಮಾತು. ಹೆಪಟೈಟಿಸ್ ಸಿ ಬಂದು ಆಂಟಿಬಾಡಿ ಕಾಣಲು ಎರಡು ತಿಂಗಳಿಗೂ ಮೇಲೆ ಬೇಕಾಗಬಹುದು. ಆರ್‌ಎನ್‌ಎ ಒಂದೆರಡು ವಾರದಲ್ಲೇ ಸಿಗುತ್ತದೆ. ಡಯಾಲಿಸಿಸ್‌ನವರಲ್ಲಿ ಕೆಲವರಿಗೆ ಆಂಟಿಬಾಡಿ ಹುಟ್ಟುವುದೇ ಇಲ್ಲ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಆರು ತಿಂಗಳಿಗೊಮ್ಮೆ ಸಿ ಪರೀಕ್ಷೆ ಆಗಲೇಬೇಕು.

ಬಾಟಲಿ ರಕ್ತದ ಬಗ್ಗೆ ಒಂದು ಮಾತು. ಹಿಮೋಗ್ಲೋಬಿನ್ 8 ಇದೆ ಅಂತ ಮನೆಯವರೇ "ಎರಡು ಬಾಟಲಿ ಹಾಕಿಬಿಡಿ ಸಾರ್" ಅಂತ ಕೇಳುತ್ತಾರೆ. ಟ್ರಾನ್ಸ್‌ಪ್ಲಾಂಟ್‌ಗೆ ಕಾಯುವವರಿಗೆ ಆದಷ್ಟು ಬೇಡ. ಎರಿಥ್ರೋಪೊಯೆಟಿನ್ ಇಂಜೆಕ್ಷನ್, ಐರನ್ ಇದರಲ್ಲೇ ಏರಿಸಲು ನೋಡಿ. ವೈರಸ್ ಭಯ ಒಂದು ಕಡೆ, ರಕ್ತ ಹಾಕಿಸಿದಾಗ ಬೇರೆಯವರ ಅಂಗದ ವಿರುದ್ಧ ಆಂಟಿಬಾಡಿ ಬೆಳೆದು ಕ್ರಾಸ್‌ಮ್ಯಾಚ್ ಕೆಡುವ ಭಯ ಇನ್ನೊಂದು ಕಡೆ.

ಮೈಸೂರು ಅಕ್ಕ

ನನ್ನದು ಹೆಪಟೈಟಿಸ್ ಬಿ. ಟ್ರಾನ್ಸ್‌ಪ್ಲಾಂಟ್ ಆಗಿ ವರ್ಷಗಳೇ ಆದವು. ಸಿ ಬಂದವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಕಣ್ರಪ್ಪ. ಮೂರು ತಿಂಗಳಿಗೆ ನಿಮ್ಮದು ಮುಗಿಯುತ್ತದೆ. ನಮ್ಮದು ಜೀವನಪೂರ್ತಿ ಮಾತ್ರೆ.

ಬಿ ಇದ್ದರೂ ಟ್ರಾನ್ಸ್‌ಪ್ಲಾಂಟ್ ಆಗುತ್ತದೆ. ಮಾತ್ರೆ ಮಾತ್ರ ಒಂದು ದಿನವೂ ಬಿಡಬಾರದು. ವೈರಸ್ ಕಾಣುತ್ತಿಲ್ಲ ಅಂತ ರಿಪೋರ್ಟ್ ಬಂದ ಮೇಲೆ ಬಿಟ್ಟವರನ್ನು ನೋಡಿದ್ದೇನೆ. ಕೆಲವೇ ವಾರಗಳಲ್ಲಿ ಕಾಮಾಲೆ ಬಂದು ಐಸಿಯು ಸೇರಿದರು. ಟ್ಯಾಕ್ರೋ ಬಿಟ್ಟರೆ ಕಿಡ್ನಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಈ ಬಿ ಮಾತ್ರೆ ಎಂಟೆಕಾವಿರ್ ಬಿಟ್ಟರೆ ಲಿವರ್ ಹೋಗುತ್ತದೆ ಅಂತ ಅಷ್ಟು ಒತ್ತಿ ಯಾರೂ ಹೇಳುವುದಿಲ್ಲ.

ಡೋಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಡಯಾಲಿಸಿಸ್‌ನಲ್ಲಿದ್ದಾಗ ಎಂಟೆಕಾವಿರ್ 0.5 ಮಿಲಿಗ್ರಾಂ ವಾರಕ್ಕೆ ಒಂದೇ ಮಾತ್ರೆ ಕೊಡುತ್ತಿದ್ದರು, ಡಯಾಲಿಸಿಸ್ ಮುಗಿದ ಮೇಲೆ. ಆ ಔಷಧಿ ಕಿಡ್ನಿಯಿಂದಲೇ ಹೊರಗೆ ಹೋಗಬೇಕಲ್ಲ, ಅದಕ್ಕೆ. ಹೊಸ ಕಿಡ್ನಿ ಕೆಲಸ ಶುರು ಮಾಡಿದ ಮೇಲೆ ದಿನಕ್ಕೆ ಒಂದು ಆಗಬೇಕು. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಹಳೆಯ "ವಾರಕ್ಕೊಮ್ಮೆ" ಅಂತಲೇ ಇತ್ತು. ಕ್ಲಿನಿಕ್‌ನಲ್ಲಿ ಚೀಟಿ ನೋಡಿದ ಫಾರ್ಮಸಿಸ್ಟ್ ಹುಡುಗಿ ತಡೆದು ಡಾಕ್ಟರ್‌ಗೆ ಫೋನ್ ಮಾಡಿದಳು. ಪುಣ್ಯಾತ್ಗಿತ್ತಿ. ಮತ್ತೆ ಅದನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು. ಊಟಕ್ಕೂ ಅದಕ್ಕೂ ಆಚೆ ಈಚೆ ಎರಡು ಗಂಟೆ ಬಿಡಿ.

ತುಮಕೂರು ಹುಡುಗಾ, ಅಪ್ಪನಿಗೆ ಬಿ ಲಸಿಕೆ ಆಗಿದೆಯಾ? ಆಗಿದ್ದರೆ ಟೈಟರ್, ಅಂದರೆ ಲಸಿಕೆಯಿಂದ ಹುಟ್ಟಿದ ಆಂಟಿಬಾಡಿಯ ಮಟ್ಟ, ಎಷ್ಟು?

ತುಮಕೂರು ಹುಡುಗ

ಲಸಿಕೆ ಆಗಿದೆ ಅಕ್ಕಾ. ಟೈಟರ್ ಯಾರೂ ಮಾಡಿಸಿಲ್ಲ. ಎಷ್ಟಿರಬೇಕು?

ನೆಫ್ರೋ ಪಿಜಿ

ಆ ಆಂಟಿಬಾಡಿಗೆ ರಿಪೋರ್ಟ್‌ನಲ್ಲಿ ಆಂಟಿ ಎಚ್‌ಬಿಎಸ್ ಅಂತ ಇರುತ್ತದೆ, ಅದು ಕನಿಷ್ಠ 10 ಇರಬೇಕು, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಆರೋಗ್ಯವಂತರಲ್ಲಿ 90%ಗಿಂತ ಹೆಚ್ಚು ಜನರಿಗೆ ಲಸಿಕೆ ಹಿಡಿಯುತ್ತದೆ. ಡಯಾಲಿಸಿಸ್‌ನವರಲ್ಲಿ ಅಷ್ಟು ಹಿಡಿಯುವುದಿಲ್ಲ. ಅದಕ್ಕೇ ಎರಡು ಪಟ್ಟು ಡೋಸ್, 40 ಮೈಕ್ರೋಗ್ರಾಂ. 0, 1, 2, 6 ತಿಂಗಳು ಅಂತ ನಾಲ್ಕು ಸಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್, ಆಮೇಲೆ ವರ್ಷಕ್ಕೊಮ್ಮೆ. 10ಕ್ಕಿಂತ ಇಳಿದರೆ ಬೂಸ್ಟರ್. ಕ್ರಿಯೇಟಿನಿನ್ ಏರಲು ಶುರುವಾದಾಗಲೇ ಲಸಿಕೆ ಹಾಕಿಸಿಬಿಟ್ಟರೆ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಜನ ಬರುವುದೇ ಕಾಲು ಊದಿ ಉಸಿರು ಕಟ್ಟಿದ ಮೇಲೆ, ಏನು ಮಾಡುವುದು.

ಟ್ರಾನ್ಸ್‌ಪ್ಲಾಂಟ್‌ಗೆ ಮೊದಲೇ ಟೈಟರ್ ಮಾಡಿಸಿ. ಆಮೇಲೆ ಲಸಿಕೆ ಹಿಡಿಯುವುದು ಇನ್ನೂ ಕಷ್ಟ. ಜೊತೆಗೆ ಕೋರ್ ಆಂಟಿಬಾಡಿ ಪರೀಕ್ಷೆಯನ್ನೂ ಕೇಳಿ. ಬಿ ಸೋಂಕು ಈಗ ಇದೆಯಾ ಅಂತ ನೋಡುವ ಎಚ್‌ಬಿಎಸ್‌ಎಜಿ ನೆಗೆಟಿವ್, ಕೋರ್ ಪಾಸಿಟಿವ್ ಅಂದರೆ ಹಳೆಯ ಬಿ ಸೋಂಕು ಲಿವರ್‌ನಲ್ಲಿ ಮಲಗಿದೆ ಅಂತ. ಮೈಯ ಕಾವಲು ಇಳಿಸುವ ರಿಟುಕ್ಸಿಮಾಬ್ ಔಷಧಿ ಕೊಡುವ ಸಂದರ್ಭ ಬಂದರೆ ಅದು ಏಳಬಹುದು.

ಹೆಸರು ಬೇಡ

ಹೊಸ ಐಡಿ ಮಾಡಿಕೊಂಡು ಬರೆಯುತ್ತಿದ್ದೇನೆ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ. ನನಗೆ ಎಚ್‌ಐವಿ ಇದೆ, ಅದರ ಔಷಧಿ (ಎಆರ್‌ಟಿ) ಕೊಡುವ ಸೆಂಟರ್‌ನಿಂದ ಮಾತ್ರೆ ತಗೊಳ್ಳುತ್ತೇನೆ. ವೈರಲ್ ಲೋಡ್ ಕಾಣುವುದಿಲ್ಲ, ರೋಗ ತಡೆಯುವ ಸಿಡಿ4 ಕಣಗಳ ಲೆಕ್ಕ 400ರ ಮೇಲಿದೆ. ಈಗ ಕಿಡ್ನಿ ಹೋಗಿದೆ. ಮೊದಲು ಹೋದ ಆಸ್ಪತ್ರೆಯಲ್ಲಿ "ನಿಮಗೆಲ್ಲ ಟ್ರಾನ್ಸ್‌ಪ್ಲಾಂಟ್ ಆಗಲ್ಲ" ಅಂತ ಬಾಗಿಲಲ್ಲೇ ಹೇಳಿ ಕಳಿಸಿದರು. ನಿಜವಾಗಿಯೂ ಆಗುವುದಿಲ್ಲವಾ?

ನೆಫ್ರೋ ಪಿಜಿ

ಆಗುತ್ತದೆ. ನೀವು ಹೇಳಿದ ಎರಡು ಅಂಕಿಗಳೇ ಎಲ್ಲರೂ ಕೇಳುವುದು. ವೈರಲ್ ಲೋಡ್ ಕಾಣಬಾರದು, ಸಿಡಿ4 200ರ ಮೇಲಿರಬೇಕು. ಅಮೆರಿಕದಲ್ಲಿ ಎಚ್‌ಐವಿ ಇದ್ದು ಕಿಡ್ನಿ ಹಾಕಿಸಿಕೊಂಡ 150 ಜನರನ್ನು ಹಿಂಬಾಲಿಸಿದ ಅಧ್ಯಯನ 2010ರಲ್ಲಿ ಬಂತು. ಬದುಕು, ಕಿಡ್ನಿ ಎರಡೂ ಚೆನ್ನಾಗಿಯೇ ಉಳಿದಿದ್ದವು. ರಿಜೆಕ್ಷನ್ ಮಾತ್ರ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಅದಕ್ಕೆ ರಿಜೆಕ್ಷನ್ ತಡೆಯುವ ಔಷಧಿ ಕಮ್ಮಿ ಮಾಡಲು ಹೋಗಬಾರದು ಅಂತ ಆಗ ಕಲಿತರು.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಇನ್ನೂ ಮುಂದೆ ಹೋದರು. ಗ್ರೂಟ್ ಸ್ಖೂರ್ ಆಸ್ಪತ್ರೆಯಲ್ಲಿ ಎಲ್ಮಿ ಮುಲ್ಲರ್ ಅನ್ನುವ ಸರ್ಜನ್ 2008ರಲ್ಲಿ ಎಚ್‌ಐವಿ ಇದ್ದ ಮೃತ ದಾನಿಯ ಕಿಡ್ನಿಗಳನ್ನು ಎಚ್‌ಐವಿ ಇರುವವರಿಗೇ ಹಾಕಿದರು. ಅಲ್ಲಿ ಎಚ್‌ಐವಿ ಇದ್ದವರಿಗೆ ಡಯಾಲಿಸಿಸ್ ಸಿಗುವುದೇ ಕಷ್ಟವಿತ್ತು. ಹೀಗೆ ಹಾಕಿಸಿಕೊಂಡ 27 ಜನರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು, ಚೆನ್ನಾಗಿತ್ತು.

ನಿಮ್ಮ ಎಆರ್‌ಟಿಯಲ್ಲಿ ಏನೇನಿದೆ ನೋಡಿ. ರಿಟೊನಾವಿರ್ ಇದ್ದರೆ ಟ್ಯಾಕ್ರೋ ಲೆವೆಲ್ ಭಯಂಕರ ಏರುತ್ತದೆ, ಕೆಲವರಿಗೆ ವಾರಕ್ಕೊಮ್ಮೆ ಚೂರು ಕೊಟ್ಟರೆ ಸಾಕಾಗುತ್ತದೆ. ಡೊಲುಟೆಗ್ರಾವಿರ್‌ಗೆ ಆ ಕಾಟ ಇಲ್ಲ. ಅದು ಕ್ರಿಯೇಟಿನಿನ್ ಸ್ವಲ್ಪ ಏರಿಸುತ್ತದೆ, ಕಿಡ್ನಿಗೆ ಪೆಟ್ಟಾಗದೆಯೇ. ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಆ ಅಂಕಿ ನೋಡಿ ಗಾಬರಿಯಾಗಬೇಡಿ. ಸೆಂಟರ್‌ನಲ್ಲಿ ಕೊಡುವ, ಮೂರು ಔಷಧಿ ಸೇರಿದ ಒಂದೇ ಮಾತ್ರೆಯಲ್ಲಿ ಟೆನೊಫೊವಿರ್ ಇರುತ್ತದೆ. ಅದು ಕಿಡ್ನಿಗೆ ಆಗಿಬರುವುದಿಲ್ಲ, ಬದಲಿಸಬೇಕಾಗಬಹುದು.

ಮೈಸೂರು ಅಕ್ಕ

ಬಾಗಿಲಲ್ಲೇ ಕಳಿಸಿದರು ಅಂದಿರಲ್ಲ, ಹಾಗೆ ಮಾಡುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಅಂತ ಅದರಲ್ಲೇ ಇದೆ. ಆಗುವುದಿಲ್ಲ ಅನ್ನುವುದಾದರೆ ವೈದ್ಯಕೀಯ ಕಾರಣ ಬರೆದು ಕೊಡಿ ಅಂತ ಕೇಳಿ. ಬರೆಯುವಾಗ ಪೆನ್ನು ನಿಲ್ಲುತ್ತದೆ, ನೋಡಿ.

ನ್ಯೂಜೆರ್ಸಿ ಗೌಡ್ರು

ಇಲ್ಲಿನ ಕಥೆ ಕೇಳಿ. ನಮ್ಮ ಮನೆಯವರಿಗೆ ಸಿ ವೈರಸ್ ಇರಲೇ ಇಲ್ಲ, ಆದರೂ ಸಿ ಇದ್ದ ದಾನಿಯ ಕಿಡ್ನಿ ಹಾಕಿದರು. ಬೇಕೆಂತಲೇ. ಕಾಗದಕ್ಕೆ ಸಹಿ ಹಾಕುವಾಗ ನನ್ನ ಕೈ ನಡುಗಿತ್ತು. ಪಕ್ಕದ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ 10 ಜನರ ಮೇಲೆ ಮಾಡಿ ತೋರಿಸಿದ್ದರು, ಹತ್ತೂ ಜನರಿಗೆ ವೈರಸ್ ಪೂರ್ತಿ ಹೋಯಿತು. ಇಲ್ಲಿ ಡ್ರಗ್ಸ್ ಓವರ್‌ಡೋಸ್‌ನಲ್ಲಿ ತೀರಿಕೊಳ್ಳುವ ಚಿಕ್ಕ ವಯಸ್ಸಿನವರ ಕಿಡ್ನಿಗಳು ಸುಮ್ನೆ ವೇಸ್ಟ್ ಆಗುತ್ತಿದ್ದವು. ಕಿಡ್ನಿ ಒಳ್ಳೆಯದು, ವೈರಸ್ ಮಾತ್ರ ತೊಂದರೆ. ಆಪರೇಷನ್ ಆದ ವಾರದಲ್ಲೇ ಮಾತ್ರೆ ಶುರು ಮಾಡಿದರು. ಈಗ ಇವರಿಗೆ ವೈರಸ್ ಇಲ್ಲ.

ಇದೇ ಅಮೆರಿಕದಲ್ಲಿ 2007ರಲ್ಲಿ ಷಿಕಾಗೋದಲ್ಲಿ ಒಬ್ಬ ದಾನಿಯಿಂದ ನಾಲ್ಕು ಜನರಿಗೆ ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ಹೋಗಿತ್ತು. ದಾನಿಯ ಆಂಟಿಬಾಡಿ ರಿಪೋರ್ಟ್ ನೆಗೆಟಿವ್ ಇತ್ತು, ಸೋಂಕು ತೀರಾ ಹೊಸದು. ವೈರಸ್ ಇದೆ ಅಂತ ಗೊತ್ತಿದ್ದು ಹಾಕಿದರೆ ಮಾತ್ರೆ ರೆಡಿ ಇರುತ್ತದೆ. ಗೊತ್ತಿಲ್ಲದೆ ಹಾಕಿದ್ದರಿಂದಲೇ ಅನಾಹುತ ಆದದ್ದು.

ಗಂಡುಮೆಟ್ಟಿದ ನಾಡು

ಗೌಡ್ರೇ, ಅಲ್ಲಿ ಇನ್ಶೂರೆನ್ಸ್ ಇದೆ. ಆ ಮಾತ್ರೆ ಒಂದಕ್ಕೆ ಸಾವಿರ ಡಾಲರ್ ಅಂತ ಓದಿದ್ದೆ. ನಮ್ಮ ಬಡವರು ಎಲ್ಲಿಗೆ ಹೋಗಬೇಕು?

ಸೆಕೆಂಡ್ ಇನಿಂಗ್ಸ್

ಅದು 2013ರ ಕೊನೆಯಲ್ಲಿ ಸೋಫೋಸ್ಬುವಿರ್ ಅಮೆರಿಕಕ್ಕೆ ಬಂದಾಗಿನ ಬೆಲೆ. 12 ವಾರಕ್ಕೆ 84,000 ಡಾಲರ್. 2015ರಿಂದ ನಮ್ಮ ಕಂಪನಿಗಳೇ ಜೆನೆರಿಕ್ ಮಾಡುತ್ತಿವೆ. ಈಗ ದುಡ್ಡೇ ಬೇಡ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಉಚಿತ. ಜಿಲ್ಲಾ ಆಸ್ಪತ್ರೆಗೆ ಹೋಗಿ ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲಿದೆ ಅಂತ ಕೇಳಿ.

ನನಗಿಂತ ಮೊದಲಿನವರ ಪಾಡು ನೆನೆಸಿಕೊಂಡರೆ ಭಯವಾಗುತ್ತದೆ. ಆಗ ಇಂಟರ್‌ಫೆರಾನ್ ಇಂಜೆಕ್ಷನ್ ಒಂದೇ ಇತ್ತು. ಜ್ವರ, ಸುಸ್ತು, ಹಿಮೋಗ್ಲೋಬಿನ್ ಇಳಿಯುವುದು. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಕೊಟ್ಟರೆ ರಿಜೆಕ್ಷನ್ ಆಗುವ ಅಪಾಯ, ಹಾಗಾಗಿ ಕೊಡುವಂತೆಯೂ ಇರಲಿಲ್ಲ.

ತುಮಕೂರು ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಆರ್‌ಎನ್‌ಎ ಪಾಸಿಟಿವ್ ಬಂದಿದೆ. ಬಿ ನೆಗೆಟಿವ್, ಫೈಬ್ರೋಸ್ಕ್ಯಾನ್ ಪರವಾಗಿಲ್ಲ ಅಂದರು. ಸೋಫೋಸ್ಬುವಿರ್ ವೆಲ್ಪಟಾಸ್ವಿರ್ ದಿನಕ್ಕೊಂದು, 12 ವಾರ. ಜಿಲ್ಲಾ ಆಸ್ಪತ್ರೆಯಲ್ಲೇ ಸಿಕ್ಕಿತು. ಚಿಕ್ಕಪ್ಪನಿಗೆ ಈ ಚರ್ಚೆ ಪೂರ್ತಿ ಓದಿಸಿದೆ, ಈಗ ಸುಮ್ಮನಿದ್ದಾರೆ.

ಮನೆಯಲ್ಲಿ ಅಪ್ಪನ ತಟ್ಟೆ ಲೋಟ ಅಜ್ಜಿ ಬೇರೆ ಇಟ್ಟಿದ್ದಾರೆ. ಬೇಕಾ ಅದು?

ನೆಫ್ರೋ ಪಿಜಿ

ಬೇಡವೇ ಬೇಡ. ತಟ್ಟೆ, ಲೋಟ, ಮುಟ್ಟುವುದು, ಜೊತೆಗೆ ಉಣ್ಣುವುದು ಯಾವುದರಿಂದಲೂ ಬರುವುದಿಲ್ಲ. ರೇಜರ್, ಟೂತ್‌ಬ್ರಷ್, ಉಗುರು ಕತ್ತರಿ ಬೇರೆ ಇರಲಿ. ಶುಗರ್ ನೋಡುವ ಗ್ಲುಕೋಮೀಟರ್ ಚುಚ್ಚುವ ಪೆನ್ ಮನೆಯಲ್ಲಿ ಇನ್ಯಾರಾದರೂ ಬಳಸುತ್ತಾರಾ? ಅಜ್ಜಿಗೂ ಶುಗರ್ ಇದ್ದರೆ ಅದನ್ನು ಮೊದಲು ಬೇರೆ ಮಾಡಿ. ಅಮ್ಮನಿಗೆ ಆಂಟಿಬಾಡಿ ಜೊತೆ ಆರ್‌ಎನ್‌ಎ ಕೂಡ ಆಗಲಿ, ಆಪರೇಷನ್‌ಗೆ ಹತ್ತಿರದಲ್ಲಿ ಇನ್ನೊಂದು ಸಲ.

ಅಪ್ಪ ಆಸಿಡಿಟಿಗೆ ಪ್ಯಾಂಟಾಪ್ ತಗೊಳ್ಳುತ್ತಾರಾ? ಡಯಾಲಿಸಿಸ್‌ನವರು ತೊಗರಿಬೇಳೆ ತಿಂದ ಹಾಗೆ ತಿನ್ನುತ್ತಾರೆ ಅದನ್ನು. ಹೊಟ್ಟೆಯ ಆಸಿಡ್ ಕಮ್ಮಿಯಾದರೆ ವೆಲ್ಪಟಾಸ್ವಿರ್ ಮೈಗೆ ಸರಿಯಾಗಿ ಸೇರುವುದಿಲ್ಲ. ಬಿಡಬಹುದಾ ಅಂತ ಕೇಳಿ. ಹೃದಯಕ್ಕೆ ಅಮಿಯೊಡರೋನ್ ತಗೊಳ್ಳುತ್ತಿದ್ದರೆ ಅದನ್ನೂ ತಪ್ಪದೆ ಹೇಳಿ. ಇನ್ಸುಲಿನ್ ತಗೊಳ್ಳುವವರಿಗೆ ವೈರಸ್ ಇಳಿದಂತೆ ಶುಗರ್ ಲೋ ಆಗಬಹುದು, ರಾತ್ರಿ ಬೆವರಿದರೆ ಚೆಕ್ ಮಾಡಿ.

ತುಮಕೂರು ಹುಡುಗ

ಪ್ಯಾಂಟಾಪ್ ಇದೆ ಸಾರ್, ನಾಳೆಯೇ ಕೇಳುತ್ತೇನೆ. ಮಾತ್ರೆ ಮುಗಿದ ತಕ್ಷಣ ಆಪರೇಷನ್ ಮಾಡುತ್ತಾರಾ, ಮತ್ತೆ ಕಾಯಬೇಕಾ?

ನೆಫ್ರೋ ಪಿಜಿ

ಮಾತ್ರೆ ಮುಗಿದು 12 ವಾರಕ್ಕೆ ಆರ್‌ಎನ್‌ಎ ಮಾಡುತ್ತಾರೆ. ಆಗಲೂ ನೆಗೆಟಿವ್ ಇದ್ದರೆ ವಾಸಿಯಾಯಿತು ಅಂತ ಲೆಕ್ಕ. ನೂರಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ವಾಸಿಯಾಗುತ್ತದೆ. ಅಲ್ಲಿಯವರೆಗೆ ಕಾಯುವ ತಂಡಗಳೂ ಇವೆ, ಕೋರ್ಸ್ ಮುಗಿದು ನೆಗೆಟಿವ್ ಬಂದ ಕೂಡಲೇ ಮಾಡುವವರೂ ಇದ್ದಾರೆ. ಅಪ್ಪನ ಹೃದಯ, ಡಯಾಲಿಸಿಸ್ ಸೂಜಿ ಹಾಕುವ ಫಿಸ್ಟುಲಾ ಹೇಗಿದೆ ಅನ್ನುವುದನ್ನೂ ನೋಡಿ ನಿರ್ಧರಿಸುತ್ತಾರೆ. ಈಗಲೇ ಕೇಳಿಟ್ಟುಕೊಳ್ಳಿ, ಅಮ್ಮನ ಪರೀಕ್ಷೆಗಳಿಗೂ ತಾರೀಕು ಹೊಂದಿಸಬೇಕಲ್ಲ.

ಕರಾವಳಿ ಟೆಕ್ನಿಷಿಯನ್

ಇನ್ನೊಂದು ವಿಷಯ ತಮ್ಮಾ. ವಾಸಿಯಾದ ಮೇಲೂ ಆಂಟಿಬಾಡಿ ರಿಪೋರ್ಟ್ ಪಾಸಿಟಿವ್ ಅಂತಲೇ ಬರುತ್ತದೆ, ವರ್ಷಗಟ್ಟಲೆ. ಬೇರೆ ಸೆಂಟರ್‌ಗೆ ಹೋದಾಗ, ಆಪರೇಷನ್‌ಗೆ ಅಡ್ಮಿಟ್ ಆದಾಗ ಹೊಸ ಸ್ಟಾಫ್ ಅದನ್ನು ನೋಡಿ ಮತ್ತೆ ಮೂಲೆಗೆ ಹಾಕುತ್ತಾರೆ. ನಮ್ಮಲ್ಲೇ ಆಗಿದೆ. ಆರ್‌ಎನ್‌ಎ ನೆಗೆಟಿವ್ ರಿಪೋರ್ಟ್ ಲ್ಯಾಮಿನೇಟ್ ಮಾಡಿಸಿ ಫೈಲ್‌ನ ಮೊದಲ ಪುಟಕ್ಕೆ ಹಾಕಿ, ಮೊಬೈಲ್‌ನಲ್ಲೂ ಫೋಟೋ ಇರಲಿ. ವಾಸಿಯಾಯಿತು ಅಂದರೆ ಮತ್ತೆ ಬರುವುದಿಲ್ಲ ಅಂತ ಅರ್ಥ ಅಲ್ಲ. ಅದೇ ಸೆಂಟರ್, ಅದೇ ಕೈ ಆದರೆ ಎರಡನೇ ಸಲವೂ ಬರಬಹುದು. ಸಾಧ್ಯವಿದ್ದರೆ ಈ ಮೂರು ತಿಂಗಳು ಬೇರೆ ಸೆಂಟರ್ ನೋಡಿ. ಆರ್‌ಎನ್‌ಎ ಆರು ತಿಂಗಳಿಗೊಮ್ಮೆ ನಡೆಯಲಿ, ಇನ್ನು ಮೇಲೆ ಆಂಟಿಬಾಡಿ ಮಾಡಿಸಿ ದುಡ್ಡು ಕಳೆಯಬೇಡಿ.